ಶ್ರಾವಕಶ್ರೇಷ್ಠ ಕವಿವರ ಬನಾರಸೀದಾಸರು

ಮುನಿಧರ್ಮವು ಕಠಿಣವಾದುದು. ಆದರೆ ಶ್ರಾವಕಧರ್ಮವೂ ಸುಲಭವಾದುದೇನಲ್ಲ. ಮುನಿಗಳು ಮನೆಮಠಗಳನ್ನು ತೊರೆದು ಏಕಚಿತ್ತದಿಂದ ಆತ್ಮಸಾಧನೆಯಲ್ಲಿ ತೊಡಗುತ್ತಾರೆ. ಶ್ರಾವಕನಾದರೋ ಮಡದಿ ಮಕ್ಕಳನ್ನು ಸಾಕಬೇಕು, ಅಂಗಡಿ ವ್ಯವಹಾರಗಳನ್ನು ನಡೆಸಬೇಕು, ಲಾಭನಷ್ಟಗಳನ್ನು ಸಹಿಸಬೇಕು, ಇವೆಲ್ಲದರ ನಡುವೆ ಜಿನಭಕ್ತಿಯನ್ನೂ ಕಾಪಾಡಿಕೊಳ್ಳಬೇಕು. ಬಸದಿಯಲ್ಲಿ ಕೈಮುಗಿದು ನಿಂತಾಗಲೂ ಅವನ ಮನಸ್ಸು ಅಂಗಡಿಯ ಬಾಕಿಯನ್ನೋ ಮಗಳ ವಿವಾಹವನ್ನೋ ನೆನೆಯುತ್ತಿರುತ್ತದೆ. ಹೀಗೆ ಹಲವು ಕಡೆ ಹಂಚಿಹೋಗುವ ಮನಸ್ಸಿನಿಂದ ಅಖಂಡವಾದ ಭಕ್ತಿ ಸಾಧ್ಯವೇ ಎಂಬ ಪ್ರಶ್ನೆಯು ಪ್ರತಿಯೊಬ್ಬ ಗೃಹಸ್ಥನನ್ನೂ ಒಂದಲ್ಲ ಒಂದು ದಿನ ಕಾಡದೆ ಬಿಡುವುದಿಲ್ಲ.

ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಬಿಟ್ಟುಹೋದ ಮಹನೀಯರಲ್ಲಿ ಕವಿವರ ಬನಾರಸೀದಾಸರು ಅಗ್ರಗಣ್ಯರು. ಅವರು ರಾಜರಲ್ಲ, ಮಂತ್ರಿಗಳಲ್ಲ, ದೀಕ್ಷೆ ಪಡೆದ ಮುನಿಗಳೂ ಅಲ್ಲ. ಆಗ್ರಾ ಮತ್ತು ಜೌನಪುರಗಳಲ್ಲಿ ರತ್ನ ಹಾಗೂ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಸಾಮಾನ್ಯ ವರ್ತಕರು. ವ್ಯಾಪಾರದಲ್ಲಿ ಅವರು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಆದರೂ ಹಿಂದೀ ಭಾಷೆಯಲ್ಲಿ ಸಮಯಸಾರ ನಾಟಕವೆಂಬ ಅಧ್ಯಾತ್ಮ ಗ್ರಂಥವನ್ನು ರಚಿಸಿ ಅವರು ಜೈನಲೋಕದಲ್ಲಿ ಚಿರಸ್ಮರಣೀಯರಾದರು.

ಬನಾರಸೀದಾಸರು ವಿಕ್ರಮ ಸಂವತ್ 1643ರ ಮಾಘ ಶುದ್ಧ ಏಕಾದಶಿಯಂದು, ಅಂದರೆ ಕ್ರಿ.ಶ. 1586-87ರಲ್ಲಿ, ಗೋಮತೀ ನದಿಯ ತೀರದ ಜೌನಪುರದಲ್ಲಿ ಜನಿಸಿದರು. ಅವರದು ಶ್ರೀಮಾಲ ಕುಲ, ಶ್ವೇತಾಂಬರ ಖರತರಗಚ್ಛಕ್ಕೆ ಸೇರಿದ ಮನೆತನ. ತಂದೆ ಖರಗಸೇನರು ಜವಾಹಿರಿ ವ್ಯಾಪಾರಿಗಳು. ಮಗುವಿಗೆ ಮೊದಲು ವಿಕ್ರಮಾಜೀತನೆಂದು ಹೆಸರಿಟ್ಟಿದ್ದರು. ಆರೇಳು ತಿಂಗಳ ಮಗುವನ್ನು ಕಾಶಿಯ ಪಾರ್ಶ್ವನಾಥ ಸ್ವಾಮಿಯ ಸನ್ನಿಧಿಗೆ ಕರೆದೊಯ್ದಾಗ ಅಲ್ಲಿಯ ಅರ್ಚಕನು, ಪಾರ್ಶ್ವಪ್ರಭುವಿನ ಯಕ್ಷನು ತನಗೆ ಕಾಣಿಸಿಕೊಂಡನೆಂದೂ, ಭಗವಂತನ ಜನ್ಮನಗರಿಯ ಹೆಸರನ್ನೇ ಮಗುವಿಗೆ ಇಟ್ಟರೆ ದೀರ್ಘಾಯುಷ್ಯವಾಗುವುದೆಂದೂ ಹೇಳಿದನು. ತಂದೆತಾಯಿಗಳು ಅದನ್ನು ನಂಬಿ ಬನಾರಸೀದಾಸನೆಂದು ಕರೆದರು. ಆ ಅರ್ಚಕನ ಮಾತಿನಲ್ಲಿ ಕಪಟವಿತ್ತೆಂದು ಮುಂದೆ ಬನಾರಸೀದಾಸರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಪಾರ್ಶ್ವನಾಥನ ಮೇಲಣ ಭಕ್ತಿ ಮಾತ್ರ ಅವರ ಬಾಳಿನುದ್ದಕ್ಕೂ ಉಳಿಯಿತು.

ಎಂಟನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ, ಹನ್ನೊಂದನೆಯ ವಯಸ್ಸಿನಲ್ಲಿ ಖೈರಾಬಾದಿನ ಕನ್ಯೆಯೊಡನೆ ವಿವಾಹ. ಸೊಸೆಯು ಮನೆ ತುಂಬಿದ ದಿನವೇ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು, ಅದೇ ದಿನ ಹಿರಿಯಜ್ಜಿ ತೀರಿಕೊಂಡರು. ಜನನ, ಮರಣ, ಮದುವೆ ಮೂರನ್ನೂ ಒಂದೇ ದಿನದಲ್ಲಿ, ಒಂದೇ ಸೂರಿನಡಿ ಕಂಡ ಬಾಲಕನಿಗೆ ಸಂಸಾರದ ಸ್ವರೂಪವು ಆಗಲೇ ತೋರಿತ್ತು. ಆದರೆ ತೋರಿದ ಮಾತ್ರಕ್ಕೆ ವೈರಾಗ್ಯ ಹುಟ್ಟಲಿಲ್ಲ.

1598ರಲ್ಲಿ ಜೌನಪುರದ ಅಧಿಕಾರಿಯಾಗಿದ್ದ ಕಿಲೀಚ್ ಖಾನನು ತಾನು ಬೇಡಿದ್ದನ್ನು ಕೊಡಲಾರದ ರತ್ನವ್ಯಾಪಾರಿಗಳನ್ನು ಸೆರೆಹಿಡಿಸಿ ಚಾವಟಿಯಿಂದ ಹೊಡೆಸಿದನು. ವರ್ತಕರೆಲ್ಲ ಊರು ಬಿಟ್ಟು ದಿಕ್ಕುಪಾಲಾದರು. ಖರಗಸೇನರೂ ಮಳೆಯಲ್ಲಿ ಸಂಸಾರ ಸಮೇತರಾಗಿ ಓಡಬೇಕಾಯಿತು. ಶಾಹಜಾದಪುರದ ಒಬ್ಬ ವರ್ತಕನು ತನ್ನ ಮನೆಯನ್ನೇ ಅವರಿಗೆ ಬಿಟ್ಟುಕೊಟ್ಟು ಆಶ್ರಯವಿತ್ತನು. ಬಾಲಕ ಬನಾರಸೀದಾಸರು ಅಲ್ಲಿ ಕವಡೆಗಳನ್ನು ಮಾರಿ ಮೊದಲ ಸಂಪಾದನೆಯನ್ನು ಕಂಡರು.

ಜೌನಪುರಕ್ಕೆ ಹಿಂದಿರುಗಿದ ಬಳಿಕ ಹದಿನಾಲ್ಕನೆಯ ವಯಸ್ಸಿನಲ್ಲಿ ಪಂಡಿತ ದೇವದತ್ತರಲ್ಲಿ ನಿಘಂಟು, ಜ್ಯೋತಿಷ, ಅಲಂಕಾರಶಾಸ್ತ್ರಗಳನ್ನೂ, ಖರತರಗಚ್ಛದ ಮುನಿ ಭಾನುಚಂದ್ರರಲ್ಲಿ ಧರ್ಮಗ್ರಂಥಗಳನ್ನೂ ಅಭ್ಯಾಸ ಮಾಡಿದರು. ಬುದ್ಧಿ ಚುರುಕಾಗಿತ್ತು, ನಡತೆ ಕೆಟ್ಟಿತ್ತು. ತಂದೆಯ ರತ್ನಗಳನ್ನು ಕದ್ದು ಪ್ರಣಯದಾಟಕ್ಕೆ ವ್ಯಯಿಸಿದರು. ಶೃಂಗಾರವೇ ಪ್ರಧಾನವಾದ ಸಾವಿರ ಪದ್ಯಗಳ ನವರಸ ಗ್ರಂಥವೊಂದನ್ನು ಬರೆದರು. ಅಷ್ಟರಲ್ಲಿ ಮಾವನ ಮನೆಯಲ್ಲಿದ್ದಾಗ ಭಯಂಕರವಾದ ಚರ್ಮರೋಗವು ತಗುಲಿತು. ಬಂಧುಗಳು ಹತ್ತಿರ ಸುಳಿಯಲಿಲ್ಲ. ಬಾಲೆಯಾದ ಪತ್ನಿಯೂ ಅತ್ತೆಯೂ ಮಾತ್ರ ಅಸಹ್ಯಪಡದೆ ಉಪಚರಿಸಿದರು. ಕೊನೆಗೆ ಒಬ್ಬ ಕ್ಷೌರಿಕ ವೈದ್ಯನ ಔಷಧದಿಂದ ರೋಗವು ವಾಸಿಯಾಯಿತು.

ಇದಾದ ಮೇಲೆ ಅವರ ಭಕ್ತಿಯು ಹಿಡಿದ ದಾರಿಯನ್ನು ಶ್ರಾವಕರೆಲ್ಲರೂ ಗಮನಿಸಬೇಕು. ಒಬ್ಬ ಸಂನ್ಯಾಸಿಯು ಬಂದು, ತಾನು ಕೊಡುವ ಮಂತ್ರವನ್ನು ಒಂದು ವರ್ಷ ಗುಟ್ಟಾಗಿ, ಅದೂ ಶೌಚದ ಸ್ಥಳದಲ್ಲಿ, ಜಪಿಸಿದರೆ ಪ್ರತಿದಿನವೂ ಬಾಗಿಲಲ್ಲಿ ಒಂದು ಚಿನ್ನದ ನಾಣ್ಯ ಸಿಗುವುದೆಂದನು. ಬನಾರಸೀದಾಸರು ಒಂದು ವರ್ಷ ತಪ್ಪದೆ ಜಪಿಸಿದರು. ವರ್ಷ ತುಂಬಿದ ಮರುದಿನ ಬಾಗಿಲಲ್ಲಿ ಹುಡುಕಿದರೆ ನೆಲವಲ್ಲದೆ ಏನೂ ಇರಲಿಲ್ಲ. ಅಷ್ಟಕ್ಕೂ ಬುದ್ಧಿ ಬರಲಿಲ್ಲ. ಮತ್ತೊಬ್ಬ ಜೋಗಿಯು ಒಂದು ಶಂಖವನ್ನು ಕೊಟ್ಟು, ಇದು ಸಾಕ್ಷಾತ್ ಸದಾಶಿವ, ಪೂಜಿಸಿದರೆ ಇಷ್ಟಾರ್ಥ ಸಿದ್ಧಿಸುವುದೆಂದನು. ಅದನ್ನೂ ನಂಬಿ ಪ್ರತಿದಿನ ರಹಸ್ಯವಾಗಿ ಪೂಜಿಸತೊಡಗಿದರು. ಅದೇ ಕಾಲದಲ್ಲಿ ಪಾರ್ಶ್ವನಾಥನ ದರ್ಶನವಾಗುವವರೆಗೆ ಹಾಲು ತುಪ್ಪಗಳನ್ನು ಬಿಡುವ ವ್ರತವನ್ನೂ ಹಿಡಿದು ಕಾಶಿಗೆ ಹೋದರು. ಆ ಯಾತ್ರೆಯಲ್ಲಿಯೂ ಶಂಖವು ಜೊತೆಯಲ್ಲಿಯೇ ಇತ್ತು. ಸಂಕಟಕಾಲಕ್ಕೆ ಇಬ್ಬರಲ್ಲಿ ಯಾರಾದರೊಬ್ಬರು ಒದಗಲಿ ಎಂಬುದೇ ಅಂದಿನ ಭಕ್ತಿ. ಎರಡು ಅಂಗಡಿಗಳಲ್ಲಿ ಖಾತೆ ಇಟ್ಟವನಂತೆ ಅವರ ಮನಸ್ಸು ಹೋಳಾಗಿತ್ತು. ಶಾಸ್ತ್ರಗಳಲ್ಲಿ ದೇವಮೂಢತೆ ಎಂದು ಹೇಳಿರುವುದು ಇದನ್ನೇ. ದೋಷವಿದ್ದದ್ದು ಶಿವನಲ್ಲಿಯೂ ಅಲ್ಲ, ಪಾರ್ಶ್ವನಾಥನಲ್ಲಿಯೂ ಅಲ್ಲ. ದೇವರನ್ನು ಕೊಡುಕೊಳ್ಳುವ ವ್ಯವಹಾರಕ್ಕೆ ಎಳೆದ ಮನಸ್ಸಿನಲ್ಲಿ.

1605ರಲ್ಲಿ ಅಕ್ಬರ್ ಬಾದಶಹನು ಕಾಲವಾದ ಸುದ್ದಿ ಜೌನಪುರಕ್ಕೆ ಬಂದಿತು. ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸೀದಾಸರು ಸುದ್ದಿಯನ್ನು ಕೇಳಿದೊಡನೆಯೇ ಮೂರ್ಛೆಹೋಗಿ ಕೆಳಗುರುಳಿದರು. ತಲೆಯೊಡೆದು ರಕ್ತ ಹರಿಯಿತು. ತಾಯಿಯು ಬಟ್ಟೆ ಸುಟ್ಟು ಗಾಯಕ್ಕೆ ಒತ್ತಿ ಉಪಚರಿಸಿದರು. ಊರಿನಲ್ಲಿ ಅಂಗಡಿಗಳು ಮುಚ್ಚಿದವು. ಧನಿಕರು ಒಡವೆಗಳನ್ನು ನೆಲದಲ್ಲಿ ಹೂತು ಒರಟು ಬಟ್ಟೆ ಉಟ್ಟು ಬಡವರಂತೆ ಅಡ್ಡಾಡಿದರು. ಹತ್ತು ದಿನಗಳ ಮೇಲೆ ಜಹಾಂಗೀರನು ಪಟ್ಟಕ್ಕೆ ಬಂದನೆಂಬ ಪತ್ರ ತಲುಪಿದಾಗ ಊರು ಉಸಿರಾಡಿತು. ಗಾಯ ಮಾಗುತ್ತಿದ್ದಾಗ ಬನಾರಸೀದಾಸರಲ್ಲಿ ವಿಚಾರ ಹುಟ್ಟಿತು. ನಿತ್ಯ ಪೂಜಿಸಿದ ಆ ಶಂಖವು ಬೀಳುವಾಗ ಹಿಡಿಯಲಿಲ್ಲವಲ್ಲ ಎಂದುಕೊಂಡು ಅದರ ಪೂಜೆಯನ್ನು ನಿಲ್ಲಿಸಿದರು.

ಇದಾದ ಸ್ವಲ್ಪ ಕಾಲದಲ್ಲಿಯೇ ಒಂದು ಸಂಜೆ ಗೋಮತಿಯ ಸೇತುವೆಯ ಮೇಲೆ ಮಿತ್ರರಿಗೆ ತಮ್ಮ ನವರಸ ಗ್ರಂಥವನ್ನು ಓದಿ ಹೇಳುತ್ತಿದ್ದರು. ಒಂದು ಸುಳ್ಳಿಗೇ ಪಾಪವಿರುವಾಗ ಕಲ್ಪಿತ ಕಾಮಕಥೆಗಳ ಸಾವಿರ ಪದ್ಯಗಳಿಗೆ ಎಷ್ಟು ಪಾಪವೆಂಬ ಯೋಚನೆ ಮಿಂಚಿತು. ಓದುತ್ತಿದ್ದ ಹೊತ್ತಗೆಯನ್ನೇ ನದಿಗೆ ಎಸೆದರು. ಹಾಳೆಗಳು ಪ್ರವಾಹದಲ್ಲಿ ಚದುರಿಹೋದವು, ಮಿತ್ರರು ಹಾಹಾಕಾರ ಮಾಡಿದರು. ಮನೆಯಲ್ಲಿ ತಂದೆ ಖರಗಸೇನರಿಗೆ ಮಾತ್ರ ಪರಮ ಸಂತೋಷವಾಯಿತು. ಅಂದಿನಿಂದ ಬೆಳಗ್ಗೆ ಜಿನಮಂದಿರಕ್ಕೆ ಹೋಗಿ ದರ್ಶನ ಮಾಡದೆ ಹಲ್ಲುಜ್ಜುವುದೂ ಇಲ್ಲ. ಸಾಮಾಯಿಕ, ಪ್ರತಿಕ್ರಮಣ, ಹದಿನಾಲ್ಕು ನಿಯಮಗಳು ಆರಂಭವಾದವು. ಹಸಿರು ತರಕಾರಿಗೆ ಮಿತಿ, ಬದನೆಕಾಯಿಗೆ ಜೀವನಪರ್ಯಂತ ತ್ಯಾಗ. ಊರಿನಲ್ಲಿ ಪೋಲಿಯೆನಿಸಿಕೊಂಡವರು ಜೈನಧರ್ಮನಿಷ್ಠರೆನಿಸಿದರು.

1610ರಲ್ಲಿ ತಂದೆಯು ಕೆಲವು ರತ್ನಗಳು, 20 ಮಣ ತುಪ್ಪ, 2 ಪೀಪಾಯಿ ಎಣ್ಣೆ ಮತ್ತು 200 ರೂಪಾಯಿ ಬೆಲೆಯ ಬಟ್ಟೆಯನ್ನು ಒಪ್ಪಿಸಿ, ಸಂಸಾರದ ಹೊಣೆ ಹೊರುವಂತೆ ಹೇಳಿ ಆಗ್ರಾಕ್ಕೆ ಕಳುಹಿಸಿದರು. ಅಲ್ಲಿಂದ ಕಷ್ಟಗಳ ಸರಮಾಲೆ ಆರಂಭವಾಯಿತು. ರತ್ನಗಳಲ್ಲಿ ಕೆಲವು ಕಟ್ಟಿದ ಗಂಟಿನಿಂದ ಜಾರಿಹೋದವು, ಕೆಲವನ್ನು ಇಲಿಗಳು ಬಟ್ಟೆಯ ಸಮೇತ ಎಳೆದೊಯ್ದವು. ಬಂಡವಾಳ ಕರಗಿತು. ಪೇಟೆಗೆ ಹೋಗುವುದನ್ನೂ ಬಿಟ್ಟು ಸಂಜೆ ಹತ್ತಿಪ್ಪತ್ತು ಜನರಿಗೆ ಕಥೆಗಳನ್ನು ಓದಿ ಹೇಳುತ್ತ ಕಾಲ ಕಳೆದರು. ಕಚೋರಿ ಮಾರುವವನೊಬ್ಬನಲ್ಲಿ ಉದ್ರಿಯಲ್ಲಿ ಊಟ. ತಮ್ಮಲ್ಲಿ ಹಣವಿಲ್ಲವೆಂಬ ಸತ್ಯವನ್ನು ಅವನಿಗೆ ತಾವೇ ಹೇಳಿದಾಗ, ಆ ಸಜ್ಜನನು 20 ರೂಪಾಯಿಯವರೆಗೂ ತಿನ್ನಲಡ್ಡಿಯಿಲ್ಲವೆಂದನು. ಆರೇಳು ತಿಂಗಳ ಆ ಋಣದ ಬಾಬ್ತು 14 ರೂಪಾಯಿಯನ್ನು ಬನಾರಸೀದಾಸರು ಮುಂದೆ ತಪ್ಪದೆ ತೀರಿಸಿದರು. ಬಳಿಕ ಪಾಲುದಾರಿಕೆಯಲ್ಲಿ ಎರಡು ವರ್ಷ ದುಡಿದು ಲೆಕ್ಕ ತೆಗೆದರೆ, ಗಳಿಸಿದ್ದು 200, ಖರ್ಚಾದದ್ದೂ 200.

ಬರಿಗೈಯಲ್ಲಿ ಖೈರಾಬಾದಿಗೆ ಹೋದಾಗ ಪತ್ನಿಯು ಗಂಡನ ಮುಖ ನೋಡಿಯೇ ಪರಿಸ್ಥಿತಿಯನ್ನು ಅರಿತಳು. ತಾನು ಕೂಡಿಟ್ಟಿದ್ದ 20 ರೂಪಾಯಿಗಳನ್ನು ಕೈಗಿತ್ತಳು. ತಾಯಿಯ ಬಳಿ ಗುಟ್ಟಾಗಿ ಹೇಳಿ 200 ರೂಪಾಯಿ ಕೊಡಿಸಿದಳು. ಆ ಸಾಧ್ವಿಯು ಬಹುಕಾಲ ಬದುಕಲಿಲ್ಲ. ಹೆರಿಗೆಯ ನಂತರ ಮಗುವೂ ತಾಯಿಯೂ ತೀರಿಕೊಂಡರು. ಆ ಸುದ್ದಿಯನ್ನು ತಂದ ಪತ್ರದಲ್ಲಿಯೇ ಅವಳ ತಂಗಿಯೊಡನೆ ಬನಾರಸೀದಾಸರ ಮರುವಿವಾಹ ನಿಶ್ಚಯವಾದ ವಾರ್ತೆಯೂ ಇತ್ತು. ಶೋಕ ಹರ್ಷಗಳು ಒಂದೇ ಕಾಗದದಲ್ಲಿ ಬಂದವು. ಪ್ರಾಣಮಿತ್ರ ನರೋತ್ತಮದಾಸರು ಅಕಾಲದಲ್ಲಿ ಅಗಲಿದರು. ತಂದೆಯೂ ತೀರಿಕೊಂಡರು. ಆಗ್ರಾದಲ್ಲಿ ಗಡ್ಡೆರೋಗದ ಮಾರಿ ಹಬ್ಬಿದಾಗ ಹಳ್ಳಿಯೊಂದಕ್ಕೆ ಹೋಗಿ ಪ್ರಾಣ ಉಳಿಸಿಕೊಳ್ಳಬೇಕಾಯಿತು. ಇಷ್ಟೆಲ್ಲ ಆದರೂ ಮಾತೆ ಮತ್ತು ಪತ್ನಿಯೊಡನೆ ಅಹಿಚ್ಛತ್ರ, ಹಸ್ತಿನಾಪುರ ಕ್ಷೇತ್ರಗಳ ಯಾತ್ರೆಯನ್ನು ಕೈಗೊಂಡರು.

1623ರಲ್ಲಿ ಅವರ ಬಾಳಿಗೆ ದೊಡ್ಡದೊಂದು ತಿರುವು ಒದಗಿತು. ಖೈರಾಬಾದಿನಲ್ಲಿ ಅರಥಮಲ್ಲ ಢೋರರೆಂಬ ಅಧ್ಯಾತ್ಮಪ್ರಿಯರು ಆಚಾರ್ಯ ಕುಂದಕುಂದದೇವರ ಸಮಯಸಾರದ ಮೇಲೆ ಪಂಡಿತ ರಾಜಮಲ್ಲರು ಬರೆದ ಬಾಲಬೋಧ ಟೀಕೆಯನ್ನು ಅವರ ಕೈಯಲ್ಲಿಟ್ಟರು. ಆತ್ಮನು ಶುದ್ಧನು, ಬುದ್ಧನು, ಕರ್ಮದಿಂದ ಭಿನ್ನನು ಎಂಬ ನಿಶ್ಚಯನಯದ ಉಪದೇಶವು ಅವರ ಹೃದಯವನ್ನು ಸೂರೆಗೊಂಡಿತು. ಆದರೆ ಔಷಧದ ಪ್ರಮಾಣ ತಪ್ಪಿದರೆ ಅದೇ ವಿಷವಾಗುವುದಲ್ಲವೇ? ಆತ್ಮನೇ ದೇವನಾದ ಮೇಲೆ ಪೂಜೆ ಯಾಕೆ, ವ್ರತ ಯಾಕೆ, ಬಿಂಬ ಯಾಕೆ ಎಂಬ ಭಾವ ಬೆಳೆಯಿತು. ಜಪ, ಸಾಮಾಯಿಕ, ಪ್ರತಿಕ್ರಮಣಗಳು ಒಂದೊಂದಾಗಿ ಬಿಟ್ಟುಹೋದವು. ದೇವರಿಗೆ ಅರ್ಪಿಸಿದ ನೈವೇದ್ಯವನ್ನೇ ತಿನ್ನುವವರೆಗೆ ಹೋಯಿತು. ಚಂದ್ರಭಾನು, ಉದಯಕರಣ, ಥಾನಮಲ್ಲ ಎಂಬ ಮೂವರು ಗೆಳೆಯರೊಡನೆ ಕೋಣೆಯ ಬಾಗಿಲು ಹಾಕಿಕೊಂಡು, ಬಟ್ಟೆ ಕಳಚಿ, ತಾವೇ ಮುನಿಗಳಾದೆವೆಂದು ಕುಣಿದಾಡಿದರು. ಆತ್ಮಜ್ಞಾನದ ಮಾತು ನಾಲಿಗೆಯ ಮೇಲಿತ್ತು, ಒಳಗೆ ಕಷಾಯವು ಹಾಗೆಯೇ ಇತ್ತು. ಜನರು ಹಾಸ್ಯ ಮಾಡಿದರು, ಬಂಧುಗಳು ನೊಂದರು. ಹೀಗೆ ಹನ್ನೆರಡು ವರ್ಷಗಳು ಕಳೆದವು.

ಮೊದಲು ಶಂಖವನ್ನೂ ಜಿನನನ್ನೂ ಒಟ್ಟಿಗೆ ಪೂಜಿಸಿ ಭಕ್ತಿಯನ್ನು ಹೋಳು ಮಾಡಿದ್ದರು. ಈಗ ಅಂತರಂಗ ಬಹಿರಂಗಗಳನ್ನು ಬೇರ್ಪಡಿಸಿ ಇನ್ನೊಂದು ಬಗೆಯಲ್ಲಿ ಹೋಳು ಮಾಡಿದರು. ಮೊದಲನೆಯದು ಅಜ್ಞಾನದ ತಪ್ಪು, ಎರಡನೆಯದು ಅರೆಜ್ಞಾನದ ತಪ್ಪು. ಎರಡನೆಯದೇ ಹೆಚ್ಚು ಅಪಾಯಕರವಾದುದು. ಏಕೆಂದರೆ ಅದು ತನ್ನನ್ನು ತಾನು ಧರ್ಮವೆಂದೇ ತಿಳಿದಿರುತ್ತದೆ.

ಅವರನ್ನು ಎತ್ತಿ ನಿಲ್ಲಿಸಿದ ಗ್ರಂಥಕ್ಕೂ ಕನ್ನಡನಾಡಿಗೂ ಇರುವ ಸಂಬಂಧವು ಇಲ್ಲಿಯ ಜೈನಬಾಂಧವರಿಗೆ ಅಭಿಮಾನದ ವಿಷಯ. 1635ರಲ್ಲಿ ಪಂಡಿತ ರೂಪಚಂದ್ರರು ಆಗ್ರಾಕ್ಕೆ ಬಂದು ತಿಹುನಾ ಸಾಹುವು ಕಟ್ಟಿಸಿದ್ದ ಮಂದಿರದಲ್ಲಿ ತಂಗಿದರು. ಅಲ್ಲಿ ಅವರು ಗೊಮ್ಮಟಸಾರವನ್ನು ಪ್ರವಚನ ಮಾಡಿದರು. ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ಮಹಾಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ನಿಮಿತ್ತವಾಗಿ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗ್ರಂಥವೇ ಗೊಮ್ಮಟಸಾರ. ಅದಕ್ಕೆ 1359ರಲ್ಲಿ ಕೇಶವವರ್ಣಿಗಳು ಕನ್ನಡದಲ್ಲಿ ವೃತ್ತಿಯನ್ನು ಬರೆದರು. ಬೆಳಗೊಳದ ನೆರಳಿನಲ್ಲಿ ಹುಟ್ಟಿದ ಆ ಜ್ಞಾನವು ಆರುನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಯಮುನಾತೀರದ ಒಬ್ಬ ದಾರಿತಪ್ಪಿದ ವರ್ತಕನಿಗೆ ದಾರಿ ತೋರಿಸಿತು.

ಗೊಮ್ಮಟಸಾರದಲ್ಲಿ ಜೀವನ ಹದಿನಾಲ್ಕು ಗುಣಸ್ಥಾನಗಳ ವಿವರಣೆಯಿದೆ. ನಾಲ್ಕನೆಯದು ವ್ರತವಿಲ್ಲದ ಸಮ್ಯಗ್ದೃಷ್ಟಿಯದು, ಐದನೆಯದು ಅಣುವ್ರತಿ ಶ್ರಾವಕನದು, ಆರನೆಯದರಿಂದ ಮುನಿಗಳ ಸ್ಥಾನ. ಯಾವ ಮೆಟ್ಟಿಲಿನಲ್ಲಿ ನಿಂತಿರುವನೋ ಆ ಮೆಟ್ಟಿಲಿಗೆ ತಕ್ಕ ಆಚರಣೆಯನ್ನು ಮಾಡುತ್ತಲೇ ಮೇಲಿನ ಮೆಟ್ಟಿಲನ್ನು ಏರಬೇಕು. ಶುದ್ಧಾತ್ಮನು ಗುರಿಯೆಂಬುದು ನಿಜ; ಆದರೆ ಗೃಹಸ್ಥನಿಗೆ ದೇವಪೂಜೆ, ಗುರುಸೇವೆ, ಸ್ವಾಧ್ಯಾಯ, ಸಂಯಮ, ತಪ, ದಾನಗಳೇ ಆ ಗುರಿಗೆ ದಾರಿ. ರೂಪಚಂದ್ರರ ಈ ವಿವರಣೆಯಿಂದ ಬನಾರಸೀದಾಸರ ಸಂಶಯವೆಲ್ಲ ಹರಿಯಿತು. ನಿಶ್ಚಯ ವ್ಯವಹಾರಗಳು ವೈರಿಗಳಲ್ಲ, ಒಂದೇ ರಥದ ಎರಡು ಚಕ್ರಗಳೆಂಬುದು ಮನದಟ್ಟಾಯಿತು.

ಮರುವರ್ಷ, 1636ರಲ್ಲಿ, ರೂಪಚಂದ್ರ, ಚತುರ್ಭುಜ, ಭಗವತೀದಾಸ, ಕುಂವರಪಾಲ, ಧರ್ಮದಾಸ ಎಂಬ ಐವರು ಅಧ್ಯಾತ್ಮಮಿತ್ರರ ಸಹವಾಸದಲ್ಲಿ ಸಮಯಸಾರ ನಾಟಕವು ಪೂರ್ಣಗೊಂಡಿತು. ಕುಂದಕುಂದದೇವರ ಮೂಲವನ್ನೂ ಅಮೃತಚಂದ್ರಸೂರಿಗಳ ವ್ಯಾಖ್ಯಾನವನ್ನೂ ಅನುಸರಿಸಿದ ಈ ಗ್ರಂಥದ ಕೊನೆಯಲ್ಲಿ ಹದಿನಾಲ್ಕು ಗುಣಸ್ಥಾನಗಳ ಅಧಿಕಾರವೊಂದನ್ನು ಬನಾರಸೀದಾಸರು ತಾವಾಗಿ ಸೇರಿಸಿದ್ದಾರೆ. ಆ ಅಧಿಕಾರದ ಆರಂಭದಲ್ಲಿ ಅವರು ಹಾಡಿರುವುದು ಜಿನಪ್ರತಿಮೆಯ ಮಹಿಮೆಯನ್ನು. ಜಿನಬಿಂಬವು ಸಾಕ್ಷಾತ್ ಜಿನನಿಗೆ ಸಮಾನವೆಂದು ಅವರು ಸಾರಿದ್ದಾರೆ. ನೈವೇದ್ಯವನ್ನು ಗೇಲಿ ಮಾಡಿ ತಿಂದವರೇ ಬಿಂಬದ ಮುಂದೆ ತಲೆಬಾಗಿದರು. ಆದರೆ ಈಗ ಬಾಗಿದ ತಲೆಯಲ್ಲಿ ಚಿನ್ನದ ನಾಣ್ಯದ ಬೇಡಿಕೆಯಿರಲಿಲ್ಲ. ವೀತರಾಗನ ಮುಖದಲ್ಲಿ ತನ್ನ ಆತ್ಮನ ಶುದ್ಧರೂಪವನ್ನು ಕಾಣುವ ಹಂಬಲ ಮಾತ್ರ ಇತ್ತು. ಕಲ್ಯಾಣಮಂದಿರ ಸ್ತೋತ್ರವನ್ನು ಹಿಂದಿಗೆ ತಂದು ಪಾರ್ಶ್ವನಾಥನ ಸ್ತುತಿಯನ್ನು ಸಾಮಾನ್ಯರ ಬಾಯಿಗೆ ಎಟುಕುವಂತೆ ಮಾಡಿದವರೂ ಅವರೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತವೆನ್ನಬಹುದಿತ್ತು. ಕರ್ಮದ ಉದಯವು ಹಾಗೆ ಬಿಡುವುದಿಲ್ಲ. ಮೂವರು ಪತ್ನಿಯರಲ್ಲಿ ಅವರಿಗೆ ಏಳು ಗಂಡು, ಎರಡು ಹೆಣ್ಣು, ಒಟ್ಟು ಒಂಬತ್ತು ಮಕ್ಕಳು ಹುಟ್ಟಿದರು. ಒಂಬತ್ತು ಮಕ್ಕಳೂ ತಂದೆಯ ಕಣ್ಣಮುಂದೆಯೇ ಅಳಿದರು. ಉಳಿದಿದ್ದ ಒಬ್ಬನೇ ಮಗನು 1639ರ ಸುಮಾರಿಗೆ ತೀರಿಕೊಂಡಾಗ, ಸಮಯಸಾರವನ್ನು ಬರೆದ ಲೇಖನಿಯ ಒಡೆಯರು ಸಾಮಾನ್ಯ ತಂದೆಯಂತೆ ಶೋಕದಲ್ಲಿ ಮುಳುಗಿದರು. ಸುಮಾರು ಎರಡು ವರ್ಷ ಆ ದುಃಖ ಆರಲಿಲ್ಲ. ಆತ್ಮ ಬೇರೆ, ದೇಹ ಬೇರೆಯೆಂದು ಬರೆಯುವುದಕ್ಕೂ ಮಗನ ಚಿತೆಯ ಮುಂದೆ ಅದನ್ನು ಅನುಭವಿಸುವುದಕ್ಕೂ ಇರುವ ಅಂತರವನ್ನು ಅವರು ಕಂಡರು. ಮೋಹನೀಯ ಕರ್ಮವು ಎಷ್ಟು ಪ್ರಬಲವೆಂಬುದನ್ನು ಒಪ್ಪಿಕೊಂಡರು. ಆದರೆ ಒಂದನ್ನು ಗಮನಿಸಬೇಕು. ಈ ಸಲ ಅವರು ಯಾವ ಸಂನ್ಯಾಸಿಯ ಮಂತ್ರಕ್ಕೂ, ಯಾವ ಜೋಗಿಯ ಶಂಖಕ್ಕೂ ಕೈಯೊಡ್ಡಲಿಲ್ಲ. ಶೋಕವು ಬಂದಿತು, ಶ್ರದ್ಧೆಯು ಹೋಗಲಿಲ್ಲ.

ಆ ಶೋಕದಿಂದ ಎದ್ದು 1641ರಲ್ಲಿ ತಮ್ಮ 55 ವರ್ಷಗಳ ಬಾಳನ್ನು 675 ಪದ್ಯಗಳಲ್ಲಿ ಬರೆದರು. ಮನುಷ್ಯನ ಪೂರ್ಣಾಯುಷ್ಯ 110 ವರ್ಷಗಳೆಂದು ಎಣಿಸಿ ಅದಕ್ಕೆ ಅರ್ಧಕಥಾನಕವೆಂದು ಹೆಸರಿಟ್ಟರು. ಭಾರತೀಯ ಭಾಷೆಗಳ ಅತ್ಯಂತ ಹಳೆಯ ಆತ್ಮಚರಿತ್ರೆಗಳಲ್ಲಿ ಅದೂ ಒಂದೆಂದು ವಿದ್ವಾಂಸರು ಗೌರವಿಸುತ್ತಾರೆ. ಪಂಡಿತ ನಾಥೂರಾಮ ಪ್ರೇಮಿಯವರು 1943ರಲ್ಲಿ ಅದನ್ನು ಸಂಪಾದಿಸಿ ಬೆಳಕಿಗೆ ತಂದರು. ಪ್ರಾಮಾಣಿಕ ವರ್ತಕನು ದೀಪಾವಳಿಯಲ್ಲಿ ಜಮಾ ಖರ್ಚು ತೆಗೆಯುವಂತೆ, ಗ್ರಂಥದ ಕೊನೆಯಲ್ಲಿ ತಮ್ಮ ಗುಣದೋಷಗಳನ್ನು ಎರಡು ಪಟ್ಟಿಯಾಗಿ ಬರೆದಿದ್ದಾರೆ. ಕ್ಷಮೆ, ಸಂತೋಷ, ಕವಿತಾಶಕ್ತಿ, ಸವಿಮಾತು ಜಮೆಯ ಕಡೆಗೆ. ಹಣದ ಆಸೆ, ಮನೆ ಬಿಡಲಾರದ ಮೋಹ, ಜಪ ತಪ ಸಂಯಮಗಳಲ್ಲಿ ಕೊರತೆ, ದಾನ ಪೂಜೆಗಳಲ್ಲಿ ಸಾಲದ ಉತ್ಸಾಹ, ಸ್ವಲ್ಪ ಲಾಭಕ್ಕೆ ಹಿಗ್ಗಿ ಸ್ವಲ್ಪ ನಷ್ಟಕ್ಕೆ ಕುಗ್ಗುವ ಸ್ವಭಾವ ಖರ್ಚಿನ ಕಡೆಗೆ. ಒಂದು ಸುಳ್ಳು ಬಾಬ್ತೂ ಅಲ್ಲಿಲ್ಲ.

ಅದನ್ನು ಬರೆದ ಬಳಿಕ ಬಾಳಿನ ಉಳಿದರ್ಧವು ಅವರಿಗೆ ದೊರೆಯಲಿಲ್ಲ. ಎರಡು ಮೂರು ವರ್ಷಗಳೊಳಗೆ ದೇಹವನ್ನು ಬಿಟ್ಟರೆಂದು ತಿಳಿದವರು ಹೇಳುತ್ತಾರೆ. ವಿಕ್ರಮ ಸಂವತ್ 1701ರಲ್ಲಿ ಆಗ್ರಾದ ಜಗಜೀವನರು ಅವರ ಬಿಡಿ ಕೃತಿಗಳನ್ನು ಬನಾರಸೀವಿಲಾಸವೆಂಬ ಹೆಸರಿನಿಂದ ಸಂಗ್ರಹಿಸಿದರು.

ಅಖಂಡಭಕ್ತಿಯೆಂದರೆ ಮನಸ್ಸು ಎಂದೂ ಚಲಿಸದಿರುವುದಲ್ಲ. ಗೃಹಸ್ಥನಿಗೆ ಅದು ಅಸಾಧ್ಯ. ಅಂಗಡಿ ಬಿಡದೆ, ಸಂಸಾರ ಬಿಡದೆ, ಕಣ್ಣೀರನ್ನೂ ಮರೆಮಾಡದೆ, ದೇವರಲ್ಲಿ ದೇವತ್ವವನ್ನಲ್ಲದೆ ಬೇರೇನನ್ನೂ ಬೇಡದಿರುವುದೇ ಅಖಂಡಭಕ್ತಿ. ತಾನು ಏರದ ಮೆಟ್ಟಿಲನ್ನು ಏರಿದೆನೆನ್ನದೆ, ನಿಂತ ಮೆಟ್ಟಿಲಿನ ಕರ್ತವ್ಯವನ್ನು ನಿತ್ಯವೂ ನಡೆಸುವುದೇ ಅದರ ರಕ್ಷಣೆ. ಪಂಚಕಲ್ಯಾಣದ ಐದು ದಿನಗಳಲ್ಲಿ ಭಕ್ತಿಯು ಎಲ್ಲರಲ್ಲಿಯೂ ಉಕ್ಕುತ್ತದೆ. ವಾದ್ಯಗಳು ನಿಂತು, ಚಪ್ಪರ ಬಿಚ್ಚಿ, ಬಂದವರು ತಮ್ಮ ತಮ್ಮ ಅಂಗಡಿಗಳ ಬಾಗಿಲು ತೆರೆದ ಮೇಲೆ, ಆರನೆಯ ದಿನದ ಬೆಳಗ್ಗೆ ಬಸದಿಯ ಮೆಟ್ಟಿಲನ್ನು ಏರುವವರ ಭಕ್ತಿಯೇ ಪ್ರತಿಷ್ಠಾಪಿತ ಬಿಂಬಕ್ಕೆ ನಿಜವಾದ ಪೂಜೆ. ಕವಿವರ ಬನಾರಸೀದಾಸರ ಚರಿತ್ರೆಯು ಶ್ರಾವಕ ಶ್ರಾವಿಕೆಯರೆಲ್ಲರನ್ನೂ ಆ ಆರನೆಯ ದಿನಕ್ಕೆ ಸಿದ್ಧಗೊಳಿಸಲಿ.